ಮನೆಯ ಸರ್ವರಿಗೆ ಯಾವ ಕಾರ್ಯವ್ಯವಸ್ಥೆ?
ಲೆಕ್ಕಪತ್ರದ ಆಯುಷ್ಯವನ್ನು ಮೊದಲು ಎಣಿಸಿ, ಆಮೇಲೆ ಆರಿಸಿ

ಕುಮಟಾ ಮತ್ತು ಹೊನ್ನಾವರಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಲ್ಲಿರುವ ಧಾರೇಶ್ವರವನ್ನು ಹೊರಗಿನವರು ಧಾರಾನಾಥ ದೇವಾಲಯಕ್ಕಾಗಿ ಮತ್ತು ಕಡಲತೀರಕ್ಕಾಗಿ ಬಲ್ಲರು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇಂತಹ ಊರುಗಳ ಲಕ್ಷಣವೇ ಬೇರೆ. ಇಲ್ಲಿಯ ಸಣ್ಣ ಉದ್ಯಮಕ್ಕೆ ಪ್ರತ್ಯೇಕ ಕಚೇರಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಳದ ಒಂದು ಬದಿಗೆ ಗೋದಾಮು ಇಲ್ಲವೆ ಗಿರಣಿ. ಲೆಕ್ಕ ಬರೆಯುವ ಗಣಕಯಂತ್ರವು ಜಗುಲಿಯ ಪಕ್ಕದ ಕೋಣೆಯಲ್ಲಿ ಇರುತ್ತದೆ. ಕಿರ್ದಿ ಖಾತೆಗಳು, ಜಿಎಸ್‌ಟಿ ಬಿಲ್ಲುಗಳು, ಇ-ವೇ ಬಿಲ್‌ನ ಪ್ರತಿಗಳು, ಬ್ಯಾಂಕಿನ ಪತ್ರಗಳು, ಜತೆಗೆ ಮನೆಯವರ ಛಾಯಾಚಿತ್ರಗಳು, ಎಲ್ಲವೂ ಅದೇ ಯಂತ್ರದಲ್ಲಿ ಇರುತ್ತವೆ.

ಉದ್ಯಮ ಸ್ವಲ್ಪ ಬೆಳೆದು, ಲೆಕ್ಕ ನೋಡುವವರು ಇಬ್ಬರು ಮೂವರಾದಾಗ, ಎಲ್ಲ ಕಡತಗಳನ್ನೂ ಒಂದೆಡೆ ಇಟ್ಟು ಎಲ್ಲರೂ ಅಲ್ಲಿಂದಲೇ ಪಡೆಯುವ ವ್ಯವಸ್ಥೆ ಬೇಕೆನಿಸುತ್ತದೆ. ಅದಕ್ಕೆ ಮೀಸಲಿಟ್ಟ ಯಂತ್ರವೇ ಸರ್ವರ್. ಅದು ದೊಡ್ಡ ಬೀರುವಿನಂತಹ ಯಂತ್ರವಾಗಿರಬೇಕೆಂದೇನೂ ಇಲ್ಲ. ಊಟದ ಡಬ್ಬಿಯಷ್ಟು ಗಾತ್ರದ ಸಣ್ಣ ಗಣಕವಾದರೂ ಆದೀತು, ಹಳೆಯ ಡೆಸ್ಕ್‌ಟಾಪ್ ಆದರೂ ಆದೀತು. ಯಂತ್ರವನ್ನು ಕೊಳ್ಳುವಾಗ ನಮ್ಮ ವ್ಯಾಪಾರಸ್ಥರು ಚೌಕಾಶಿ ಮಾಡುತ್ತಾರೆ, ಗ್ಯಾರಂಟಿ ಕೇಳುತ್ತಾರೆ. ಆದರೆ ಅದರಲ್ಲಿ ಯಾವ ಕಾರ್ಯವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಇರಬೇಕು ಎಂಬ ನಿರ್ಣಯವನ್ನು ಮಾತ್ರ ಯಂತ್ರ ತಂದುಕೊಟ್ಟವರಿಗೆ ಬಿಟ್ಟುಬಿಡುತ್ತಾರೆ. ಯಂತ್ರ ಕೆಟ್ಟರೆ ಹೊಸದು ತರಬಹುದು. ಕಾರ್ಯವ್ಯವಸ್ಥೆಯ ಆಯ್ಕೆ ತಪ್ಪಿದರೆ ಪೆಟ್ಟು ಬೀಳುವುದು ಲೆಕ್ಕಪತ್ರಗಳಿಗೆ. ಆದುದರಿಂದ ಈ ನಿರ್ಣಯವನ್ನು ಯಜಮಾನರೇ ತಿಳಿದು ಕೈಗೊಳ್ಳುವುದು ಯೋಗ್ಯ.

ಮೊದಲ ಪ್ರಶ್ನೆ: ಎಷ್ಟು ವರ್ಷ?

ಯಾವ ವ್ಯವಸ್ಥೆ ವೇಗವಾದದ್ದು, ಯಾವುದು ಅಗ್ಗವಾದದ್ದು ಎಂದು ಕೇಳುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ದಾಖಲೆಗಳು ಎಷ್ಟು ವರ್ಷ ಉಳಿಯಬೇಕು? ಇದಕ್ಕೆ ಉತ್ತರವನ್ನು ಕಾನೂನೇ ಕೊಟ್ಟಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಕಲಮಿನಂತೆ, ನೋಂದಾಯಿತ ವ್ಯಾಪಾರಿಯು ತನ್ನ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ, ಅದು ಮುಗಿದ ಮೇಲೆ ಒಂದು ವರ್ಷ ಅಥವಾ ಈ ಅವಧಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದು.

ಲೆಕ್ಕ ಹಾಕಿ ನೋಡೋಣ. 2025ರ ಏಪ್ರಿಲ್‌ನಲ್ಲಿ ಬರೆದ ಒಂದು ಬಿಲ್ಲು 2025-26ರ ಆರ್ಥಿಕ ವರ್ಷಕ್ಕೆ ಸೇರಿದ್ದು. ಆ ವರ್ಷದ ವಾರ್ಷಿಕ ವಿವರಪಟ್ಟಿಗೆ ಕಾಯ್ದೆಯಂತೆ ಕೊನೆಯ ದಿನ 2026ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳೆಂದರೆ 2032ರ ಡಿಸೆಂಬರ್ 31. ಅಂದರೆ ಅಂದಿನ ಬಿಲ್ಲು ಸುಮಾರು ಏಳು ವರ್ಷ ಒಂಬತ್ತು ತಿಂಗಳು ಸುರಕ್ಷಿತವಾಗಿಯೂ, ಕೇಳಿದಾಗ ತೆರೆದು ತೋರಿಸುವ ಸ್ಥಿತಿಯಲ್ಲಿಯೂ ಇರಬೇಕು. ಉದ್ಯಮವು ಕಂಪನಿಯಾಗಿ ನೋಂದಣಿಯಾಗಿದ್ದರೆ 2013ರ ಕಂಪನಿ ಕಾಯ್ದೆಯ 128ನೆಯ ಕಲಮು ಎಂಟು ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಇಡಲು ಹೇಳುತ್ತದೆ. ಗಣಕದಲ್ಲಿ ಲೆಕ್ಕ ಇಡುವ ಕಂಪನಿಗಳು ಅದರ ಬ್ಯಾಕಪ್ಪನ್ನು ಭಾರತದೊಳಗೇ ಇರುವ ಸರ್ವರಿನಲ್ಲಿ ಪ್ರತಿದಿನ ತೆಗೆದಿಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮವೂ ಬಂದಿದೆ.

ಕಾಗದದ ಬಹಿಗಳಿದ್ದ ಕಾಲದಲ್ಲಿ ಎಂಟು ವರ್ಷ ಎಂಬುದು ದೊಡ್ಡ ಮಾತಾಗಿರಲಿಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟರೆ ಗೆದ್ದಲು ಮತ್ತು ಸೋರುವ ಹಂಚು, ಈ ಎರಡನ್ನು ಕಾಯ್ದುಕೊಂಡರೆ ಸಾಕಾಗಿತ್ತು. ಗಣಕದ ಲೋಕದಲ್ಲಿ ಎಂಟು ವರ್ಷವೆಂದರೆ ಒಂದು ತಲೆಮಾರು.

ಕಾರ್ಯವ್ಯವಸ್ಥೆಗಳ ಆಯುಷ್ಯ

ಪ್ರತಿಯೊಂದು ಕಾರ್ಯವ್ಯವಸ್ಥೆಯಲ್ಲಿಯೂ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ. ತಯಾರಕರು ಅವುಗಳಿಗೆ ಭದ್ರತಾ ಪರಿಹಾರಗಳನ್ನು ಕಳುಹಿಸುತ್ತಲೇ ಇರುತ್ತಾರೆ. ಒಂದು ದಿನ ಅದು ನಿಲ್ಲುತ್ತದೆ. ಅಂದಿನಿಂದ ಯಂತ್ರ ನಡೆಯುತ್ತಿದ್ದರೂ ಅದು ಚಿಲಕವಿಲ್ಲದ ಅಂಗಡಿ.

ಇದಕ್ಕೆ ಉದಾಹರಣೆಗಳು ಕಣ್ಣೆದುರಿಗೇ ಇವೆ. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ಮನೆಯ ಸರ್ವರಿಗೆಂದೇ ಮೈಕ್ರೋಸಾಫ್ಟ್ 2007ರಲ್ಲಿ ‘ವಿಂಡೋಸ್ ಹೋಮ್ ಸರ್ವರ್’ ಎಂಬುದನ್ನು ಹೊರತಂದಿತ್ತು. 2011ರ ಆವೃತ್ತಿಯೇ ಅದರ ಕೊನೆಯದಾಯಿತು, ಅದರ ಬೆಂಬಲವೂ 2016ರ ಏಪ್ರಿಲ್‌ನಲ್ಲಿ ನಿಂತಿತು. ಅಂಗಡಿಗಳಲ್ಲಿ ಬಹುವಾಗಿ ಹರಡಿದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹೆಚ್ಚುವರಿ ಅವಧಿಗೆ ಭದ್ರತಾ ಪರಿಹಾರಗಳನ್ನು ಪಡೆಯುವ ಯೋಜನೆಗಳುಂಟು. ಆದರೆ ಅದು ಎರವಲು ಪಡೆದ ಕಾಲ. ವಿಂಡೋಸ್ 11 ಹಾಕೋಣವೆಂದರೆ ಹಳೆಯ ಯಂತ್ರಗಳಲ್ಲಿ ಅನೇಕವು ಅದರ ಯಂತ್ರಾಂಶದ ಷರತ್ತುಗಳನ್ನು ಪೂರೈಸುವುದಿಲ್ಲ.

ಲಿನಕ್ಸ್ ಪಂಗಡದಲ್ಲಿಯೂ ಇಂತಹ ಪಾಠ ದೊರೆತಿದೆ. ಉಚಿತವಾಗಿ ದೊರೆಯುವ ಸೆಂಟ್‌ಒಎಸ್ 8 ಎಂಬ ವ್ಯವಸ್ಥೆ 2019ರಲ್ಲಿ ಬಂದಾಗ 2029ರವರೆಗೆ ನಡೆಯುವುದೆಂದು ಜನ ನಂಬಿದ್ದರು. 2020ರ ಡಿಸೆಂಬರ್‌ನಲ್ಲಿ ಘೋಷಣೆಯೊಂದು ಹೊರಬಿದ್ದು, 2021ರ ಡಿಸೆಂಬರ್ 31ಕ್ಕೇ ಅದು ಮುಗಿಯಿತು. ಅದನ್ನು ನೆಚ್ಚಿದವರು ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಮೊದಲಾದ ಹೊಸ ವ್ಯವಸ್ಥೆಗಳಿಗೆ ವಲಸೆ ಹೋಗಬೇಕಾಯಿತು. ದೊಡ್ಡ ಹೆಸರು, ದೀರ್ಘ ಭರವಸೆ, ಇವೆರಡೂ ಇದ್ದ ಮಾತ್ರಕ್ಕೆ ನಿಶ್ಚಿಂತರಾಗಿರಲು ಬಾರದು ಎಂಬುದು ಇದರಿಂದ ತಿಳಿಯುತ್ತದೆ.

ಈಗ ಬಳಕೆಯಲ್ಲಿರುವ ವ್ಯವಸ್ಥೆಗಳ ಅವಧಿಯನ್ನು ನೋಡಿ. ಡೆಬಿಯನ್ 13 ಎಂಬ ಲಿನಕ್ಸ್ 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಮೂರು ವರ್ಷ ಪೂರ್ಣ ಬೆಂಬಲ, ಬಳಿಕ ದೀರ್ಘಾವಧಿ ಬೆಂಬಲ ಸೇರಿ 2030ರವರೆಗೆ ನಡೆಯುತ್ತದೆ. ಉಬುಂಟು ಎಂಬ ಲಿನಕ್ಸಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಬರುತ್ತವೆ, ಐದು ವರ್ಷ ಬೆಂಬಲ ಪಡೆಯುತ್ತವೆ. 2024ರ ಏಪ್ರಿಲ್‌ನಲ್ಲಿ ಬಂದ 24.04ನೆಯ ಆವೃತ್ತಿಯ ಅವಧಿ 2029ರವರೆಗೆ. ಉಬುಂಟು ಪ್ರೊ ಎಂಬ ಯೋಜನೆಗೆ ಹೆಸರು ನೋಂದಾಯಿಸಿದರೆ ಇದು ಹತ್ತು ವರ್ಷಕ್ಕೆ ಏರುತ್ತದೆ. ಸಣ್ಣ ಪ್ರಮಾಣದ ಬಳಕೆಗಾಗಿ ಐದು ಯಂತ್ರಗಳವರೆಗೆ ಅದನ್ನು ಉಚಿತವಾಗಿ ಕೊಡುವುದಾಗಿ ಆ ಸಂಸ್ಥೆ 2022ರಲ್ಲಿ ಪ್ರಕಟಿಸಿತು. ಹಣ ಕೊಟ್ಟು ಕೊಳ್ಳುವ ವಿಂಡೋಸ್ ಸರ್ವರ್ 2022ಕ್ಕೆ 2031ರ ಅಕ್ಟೋಬರ್‌ವರೆಗೂ, ವಿಂಡೋಸ್ ಸರ್ವರ್ 2025ಕ್ಕೆ 2034ರವರೆಗೂ ಭದ್ರತಾ ಬೆಂಬಲವಿದೆ. ಸಾಮಾನ್ಯ ವಿಂಡೋಸ್ 11ರ ಹೋಮ್ ಮತ್ತು ಪ್ರೊ ಬಳಕೆದಾರರಿಗೆ ಪ್ರತಿಯೊಂದು ವಾರ್ಷಿಕ ಆವೃತ್ತಿಯ ಬೆಂಬಲ 24 ತಿಂಗಳು ಮಾತ್ರ; ಆಮೇಲೆ ಮುಂದಿನ ಆವೃತ್ತಿಗೆ ಹೋಗಲೇಬೇಕು.

ಈ ಅಂಕಿಗಳನ್ನು ಮೇಲಿನ ಏಳು ವರ್ಷ ಒಂಬತ್ತು ತಿಂಗಳ ಪಕ್ಕಕ್ಕೆ ಇಟ್ಟರೆ ಸಂಗತಿ ಸ್ಪಷ್ಟವಾಗುತ್ತದೆ. ಹೆಚ್ಚಿನ ವ್ಯವಸ್ಥೆಗಳ ಆಯುಷ್ಯ ನಮ್ಮ ಲೆಕ್ಕಪತ್ರದ ಆಯುಷ್ಯಕ್ಕಿಂತ ಕಡಿಮೆ. ಹತ್ತು ವರ್ಷದ್ದನ್ನೇ ಆರಿಸಿದರೂ ಪ್ರತಿವರ್ಷ ಹೊಸ ಲೆಕ್ಕ ಹುಟ್ಟುತ್ತಲೇ ಇರುತ್ತದೆ. ಆದುದರಿಂದ ಒಂದಲ್ಲ ಒಂದು ದಿನ ವ್ಯವಸ್ಥೆಯನ್ನು ಬದಲಿಸುವುದು ನಿಶ್ಚಿತ. ‘ಯಾವುದು ಶಾಶ್ವತ?’ ಎಂದು ಹುಡುಕುವುದು ವ್ಯರ್ಥ. ‘ಯಾವುದರಿಂದ ನಷ್ಟವಿಲ್ಲದೆ ಮುಂದಿನದಕ್ಕೆ ದಾಟಬಹುದು?’ ಎಂದು ಕೇಳುವುದೇ ಸರಿಯಾದ ಕ್ರಮ.

ನಮ್ಮ ಮುಂದಿರುವ ದಾರಿಗಳು

ಮನೆಯ ಸರ್ವರಿಗೆ ಸ್ಥೂಲವಾಗಿ ನಾಲ್ಕು ದಾರಿಗಳಿವೆ.

ಮೊದಲನೆಯದು, ಸಾಮಾನ್ಯ ವಿಂಡೋಸ್ ಯಂತ್ರವನ್ನೇ ಸರ್ವರಾಗಿ ಬಳಸುವುದು. ಎಲ್ಲರಿಗೂ ಪರಿಚಿತವಾದದ್ದು, ರಿಪೇರಿ ಬಲ್ಲವರು ಪ್ರತಿ ಪೇಟೆಯಲ್ಲಿಯೂ ಸಿಗುತ್ತಾರೆ. ಏಕಕಾಲಕ್ಕೆ ಇಪ್ಪತ್ತು ಯಂತ್ರಗಳು ಅದರಿಂದ ಕಡತ ಪಡೆಯಬಹುದು. ಸಣ್ಣ ಉದ್ಯಮಕ್ಕೆ ಅದು ಧಾರಾಳವಾಯಿತು. ದೋಷವೆಂದರೆ, ತನ್ನ ಸಮಯಕ್ಕೆ ತಾನೇ ಮರುಚಾಲನೆಗೊಳ್ಳುವ ಅದರ ಸ್ವಭಾವ, ಮತ್ತು ಪರವಾನಗಿಯಿಲ್ಲದ ಪ್ರತಿಗಳನ್ನು ಹಾಕಿಸಿಕೊಳ್ಳುವ ನಮ್ಮ ಹಳೆಯ ರೂಢಿ. ಪರವಾನಗಿಯಿಲ್ಲದ ಪ್ರತಿಯನ್ನು ಸಕ್ರಿಯಗೊಳಿಸಲೆಂದು ಹಾಕುವ ತಂತ್ರಾಂಶಗಳ ಜತೆಯಲ್ಲಿಯೇ ವೈರಸ್ಸು ಬರುವುದುಂಟು. ಎರಡನೆಯದು, ವಿಂಡೋಸ್ ಸರ್ವರ್. ದೀರ್ಘ ಬೆಂಬಲವಿದೆ, ಬೆಲೆ ಹೆಚ್ಚು, ನೋಡಿಕೊಳ್ಳಲು ತರಬೇತಿ ಪಡೆದವರು ಬೇಕು. ಹತ್ತಾರು ನೌಕರರಿರುವ ಕಾರ್ಖಾನೆಗೆ ಇದು ಸಲ್ಲುವ ಮಾತು.

ಮೂರನೆಯದು, ಡೆಬಿಯನ್ ಅಥವಾ ಉಬುಂಟುವಿನಂತಹ ಲಿನಕ್ಸ್. ಪರವಾನಗಿಯ ಖರ್ಚಿಲ್ಲ, ಹಳೆಯ ಯಂತ್ರದಲ್ಲಿಯೂ ಹಗುರವಾಗಿ ನಡೆಯುತ್ತದೆ, ತಿಂಗಳುಗಟ್ಟಲೆ ನಿಲ್ಲಿಸದೆ ನಡೆಸಬಹುದು. ಸಾಂಬಾ ಎಂಬ ತಂತ್ರಾಂಶವನ್ನು ಅದರಲ್ಲಿ ಹಾಕಿದರೆ, ವಿಂಡೋಸ್ ಯಂತ್ರಗಳಿಗೆ ಅದು ಮತ್ತೊಂದು ವಿಂಡೋಸ್ ಯಂತ್ರದಂತೆಯೇ ಕಾಣುತ್ತದೆ. ಲೆಕ್ಕ ಬರೆಯುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ದೋಷವೆಂದರೆ ಅದನ್ನು ಬಲ್ಲವರು ನಮ್ಮ ಕಡೆ ಕಡಿಮೆ.

ನಾಲ್ಕನೆಯದು, ಕಡತ ಸಂಗ್ರಹಕ್ಕೆಂದೇ ಸಿದ್ಧಪಡಿಸಿದ ವ್ಯವಸ್ಥೆಗಳು. ಓಪನ್‌ಮೀಡಿಯಾವಾಲ್ಟ್ ಎಂಬುದು ಡೆಬಿಯನ್ನಿನ ಮೇಲೆಯೇ ಕಟ್ಟಿದ್ದು. ಆಜ್ಞೆಗಳನ್ನು ಬರೆಯದೆ, ಬ್ರೌಸರಿನಲ್ಲಿ ಗುಂಡಿಗಳನ್ನು ಒತ್ತಿ ನಡೆಸಬಹುದು. ಟ್ರೂನ್ಯಾಸ್ ಎಂಬುದು ಝಡ್‌ಎಫ್‌ಎಸ್ ಎಂಬ ಬಲವಾದ ಕಡತ ವ್ಯವಸ್ಥೆಯನ್ನು ಬಳಸುತ್ತದೆ. ಇದು ಪ್ರತಿಯೊಂದು ಕಡತಕ್ಕೂ ಪರೀಕ್ಷಾ ಮೊತ್ತವನ್ನು ಇಟ್ಟು, ಡಿಸ್ಕಿನಲ್ಲಿ ಸದ್ದಿಲ್ಲದೆ ಆಗುವ ಕೇಡನ್ನು ಹಿಡಿಯುತ್ತದೆ. ಆದರೆ ಹೆಚ್ಚು ಮೆಮೊರಿ ಬೇಡುತ್ತದೆ, ಒಂದಕ್ಕಿಂತ ಹೆಚ್ಚು ಡಿಸ್ಕುಗಳಿದ್ದರೆ ಮಾತ್ರ ಅದರ ಪೂರ್ಣ ಪ್ರಯೋಜನ. ಪೆಟ್ಟಿಗೆ ಸಮೇತ ಮಾರಾಟವಾಗುವ ಸಿದ್ಧ ಸಂಗ್ರಹ ಯಂತ್ರಗಳೂ ಉಂಟು. ಅವನ್ನು ನಡೆಸುವುದು ಸುಲಭ. ಆದರೆ ಪೆಟ್ಟಿಗೆ ಕೆಟ್ಟರೆ ಒಳಗಿನ ಡಿಸ್ಕನ್ನು ಬೇರೆ ಯಂತ್ರದಲ್ಲಿ ಓದಲು ಸಾಧ್ಯವೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು.

ಟ್ಯಾಲಿ ಇದ್ದವರು ಗಮನಿಸಬೇಕಾದುದು

ನಮ್ಮ ಓದುಗರಲ್ಲಿ ಬಹುಪಾಲು ಜನರ ಲೆಕ್ಕ ಟ್ಯಾಲಿಯಲ್ಲಿದೆ. ಬೆಂಗಳೂರಿನ ಸಂಸ್ಥೆಯ ಈ ತಂತ್ರಾಂಶ ವಿಂಡೋಸಿಗಾಗಿ ರೂಪಿತವಾದದ್ದು. ಆದುದರಿಂದ ‘ಲಿನಕ್ಸ್ ಹಾಕಿದರೆ ಟ್ಯಾಲಿ ಏನಾಗಬೇಕು?’ ಎಂಬ ಪ್ರಶ್ನೆ ಸಹಜ. ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ತೊಡಕಿಲ್ಲ. ಟ್ಯಾಲಿ ತನ್ನ ಪರವಾನಗಿಯೊಡನೆ ವಿಂಡೋಸ್ ಯಂತ್ರದಲ್ಲಿಯೇ ಇರಲಿ, ದಿನದ ಲೆಕ್ಕ ಅಲ್ಲಿಯೇ ನಡೆಯಲಿ. ಸಂಜೆ ಬಾಗಿಲು ಹಾಕುವ ಮೊದಲು ಟ್ಯಾಲಿಯ ಬ್ಯಾಕಪ್ ಸೌಲಭ್ಯದಿಂದಲೇ ಪ್ರತಿ ತೆಗೆದು ಸರ್ವರಿಗೆ ಕಳುಹಿಸಲಿ. ಲೆಕ್ಕ ತೆರೆದಿರುವಾಗ ಕಡತಗಳನ್ನು ಸುಮ್ಮನೆ ನಕಲು ಮಾಡಿದರೆ ಅರ್ಧ ಬರೆದ ನಮೂದುಗಳು ಪ್ರತಿಯಲ್ಲಿ ಸೇರಿ, ಮರಳಿ ತೆರೆಯುವಾಗ ತೊಂದರೆ ಕೊಡಬಹುದು.

ಇನ್ನೊಂದು ಎಚ್ಚರಿಕೆ. ಟ್ಯಾಲಿಯ ಕಡತವನ್ನು ಟ್ಯಾಲಿಯೇ ತೆರೆಯಬೇಕು. ಏಳು ವರ್ಷಗಳ ನಂತರ ಅಧಿಕಾರಿಗಳು ಕೇಳಿದಾಗ, ಆಗಿನ ಆವೃತ್ತಿ ಈಗಿನ ಕಡತವನ್ನು ಮೊದಲಿನಂತೆಯೇ ತೆರೆಯುವುದೆಂದು ನೆಚ್ಚಿ ಕೂರುವುದಕ್ಕಿಂತ, ವರ್ಷಾಂತ್ಯದಲ್ಲಿ ದಿನಚರಿ, ಖಾತೆಗಳು, ತಾಳೆಪಟ್ಟಿ, ದಾಸ್ತಾನು ಪಟ್ಟಿ ಇವನ್ನು ಪಿಡಿಎಫ್ ಮತ್ತು ಎಕ್ಸೆಲ್ ರೂಪದಲ್ಲಿಯೂ ತೆಗೆದಿಡುವುದು ಜಾಣತನ. ಯಾವ ಕಾರ್ಯವ್ಯವಸ್ಥೆ ಬಂದರೂ ಅವುಗಳನ್ನು ಓದುವ ಸಾಧನ ಇದ್ದೇ ಇರುತ್ತದೆ.

ಕರಾವಳಿಯ ಮೂರು ಶತ್ರುಗಳು

ಬೆಂಗಳೂರಿನ ಹವಾನಿಯಂತ್ರಿತ ಕೋಣೆಯಲ್ಲಿ ಸರಿಹೋಗುವ ಏರ್ಪಾಡು ಧಾರೇಶ್ವರದಲ್ಲಿ ಸರಿಹೋಗಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಗಾಳಿಗೆ ಮರ ಬಿದ್ದು ಹೋಗುವ ವಿದ್ಯುತ್ತು, ವರ್ಷವಿಡೀ ಬೀಸುವ ಉಪ್ಪುಗಾಳಿ, ಈ ಮೂರೂ ಯಂತ್ರದ ಶತ್ರುಗಳು.

ಇವುಗಳಲ್ಲಿ ವಿದ್ಯುತ್ತಿನದು ನೇರವಾಗಿ ಕಾರ್ಯವ್ಯವಸ್ಥೆಯ ಆಯ್ಕೆಗೆ ಸಂಬಂಧಿಸಿದ್ದು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ಕೆಡುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಮತ್ತು ವಿಂಡೋಸಿನ ಎನ್‌ಟಿಎಫ್‌ಎಸ್, ಎರಡೂ ಬರೆಯುವ ಮುನ್ನ ‘ಇದನ್ನು ಬರೆಯಲಿದ್ದೇನೆ’ ಎಂದು ಟಿಪ್ಪಣಿ ಇಟ್ಟುಕೊಳ್ಳುತ್ತವೆ. ಕರೆಂಟು ಮರಳಿದಾಗ ಕಡತಗಳ ವ್ಯವಸ್ಥೆಯನ್ನು ಆ ಟಿಪ್ಪಣಿಯಿಂದ ಸರಿಪಡಿಸಿಕೊಳ್ಳುತ್ತವೆ. ಝಡ್‌ಎಫ್‌ಎಸ್ ಹಳೆಯದನ್ನು ಅಳಿಸದೆ ಹೊಸ ಜಾಗದಲ್ಲಿ ಬರೆದು, ಪೂರ್ಣವಾದ ಮೇಲಷ್ಟೇ ಅದನ್ನು ಒಪ್ಪುತ್ತದೆ. ಪೆನ್‌ಡ್ರೈವ್‌ಗಳಲ್ಲಿ ಬಳಸುವ ಫ್ಯಾಟ್32 ಮಾದರಿಯಲ್ಲಿ ಈ ರಕ್ಷಣೆಯಿಲ್ಲ. ಸರ್ವರಿನ ಡಿಸ್ಕಿಗೆ ಅದು ಸಲ್ಲದು.

ಆದರೂ ಯುಪಿಎಸ್ ಬೇಕೇ ಬೇಕು. ಯುಪಿಎಸ್ ಕೊಳ್ಳುವಾಗ ಯುಎಸ್‌ಬಿ ತಂತಿಯಿಂದ ಗಣಕಕ್ಕೆ ಸೂಚನೆ ಕೊಡುವಂಥದನ್ನೇ ಕೇಳಿ ಪಡೆಯಬೇಕು. ಬ್ಯಾಟರಿ ಇಳಿಯತೊಡಗಿದಾಗ ಸರ್ವರು ತಾನಾಗಿಯೇ ಕ್ರಮಬದ್ಧವಾಗಿ ಮುಚ್ಚಿಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಎದ್ದು ಮುಚ್ಚುವವರು ಯಾರು? ಲಿನಕ್ಸಿನಲ್ಲಿ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಟ್ರೂನ್ಯಾಸ್‌ನಲ್ಲಿ ಇದು ಅಂತರ್ಗತವಾಗಿದೆ. ವಿಂಡೋಸಿಗೆ ಯುಪಿಎಸ್ ತಯಾರಕರ ತಂತ್ರಾಂಶವನ್ನು ಹಾಕಿಕೊಳ್ಳಬಹುದು.

ವಿದ್ಯುತ್ ಬಿಲ್ಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸರ್ವರು ಹಗಲಿರುಳೂ ನಡೆಯುವಂಥದು. ಹಳೆಯ ಡೆಸ್ಕ್‌ಟಾಪ್ 60 ವ್ಯಾಟ್ ಸೆಳೆದರೆ ವರ್ಷಕ್ಕೆ ಸುಮಾರು 525 ಯೂನಿಟ್. ಸಣ್ಣ ಗಣಕ 20 ವ್ಯಾಟ್ ಸೆಳೆದರೆ ಸುಮಾರು 175 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೆ ವ್ಯತ್ಯಾಸ ವರ್ಷಕ್ಕೆ 2450 ರೂಪಾಯಿ. ‘ಮನೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರ, ಖರ್ಚೇ ಇಲ್ಲ’ ಎಂಬ ಮಾತು ಪೂರ್ತಿ ನಿಜವಲ್ಲ. ಸಣ್ಣ ಗಣಕಕ್ಕೆ ಅದೇ ಯುಪಿಎಸ್ ಹೆಚ್ಚು ಹೊತ್ತು ಆಸರೆ ಕೊಡುತ್ತದೆ ಎಂಬುದು ಮತ್ತೊಂದು ಲಾಭ. ಉಪ್ಪುಗಾಳಿಯಿಂದ ಕಾಯಲು ಸಮುದ್ರದ ಕಡೆಯ ಕಿಟಕಿಯಿಂದ ದೂರ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಒಳಕೋಣೆಯಲ್ಲಿ ಯಂತ್ರವನ್ನು ಇಡಬೇಕು.

ಕಳ್ಳರು ಬರುವ ದಾರಿ

2017ರ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ್ದು ವಿಂಡೋಸಿನಲ್ಲಿ ಕಡತ ಹಂಚಿಕೊಳ್ಳುವ ಹಳೆಯ ಸೌಲಭ್ಯದ ದೋಷದ ಮೂಲಕ. ಗಮನಿಸಬೇಕಾದುದೆಂದರೆ, ಆ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ಪರಿಹಾರ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ಸಂಗ್ರಹ ಪೆಟ್ಟಿಗೆಗಳೂ ಇದಕ್ಕೆ ಹೊರತಲ್ಲ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬುದು ಅಂತರಜಾಲಕ್ಕೆ ನೇರವಾಗಿ ತೆರೆದಿಟ್ಟಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳನ್ನು ಹಿಡಿಯಿತು. ಅವು ಲಿನಕ್ಸಿನ ಮೇಲೆಯೇ ನಡೆಯುವ ಪೆಟ್ಟಿಗೆಗಳು. ‘ಲಿನಕ್ಸಿಗೆ ಭಯವಿಲ್ಲ’ ಎಂಬ ಮಾತನ್ನು ಹಾಗೆಯೇ ನಂಬಬಾರದು.

ಆದುದರಿಂದ ಆರಿಸಿದ ವ್ಯವಸ್ಥೆ ಯಾವುದೇ ಇರಲಿ, ಭದ್ರತಾ ಪರಿಹಾರಗಳು ತಾವಾಗಿ ಬಂದು ಸೇರುವ ಏರ್ಪಾಡು ಇರಬೇಕು. ಸರ್ವರನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡಬಾರದು. ಹುಬ್ಬಳ್ಳಿಗೋ ಮಂಗಳೂರಿಗೋ ಹೋದಾಗ ಅಲ್ಲಿಂದ ಕಡತ ನೋಡುವ ಅಗತ್ಯವಿದ್ದರೆ ವೈರ್‌ಗಾರ್ಡ್‌ನಂತಹ ಗುಪ್ತ ಸುರಂಗದ ಮೂಲಕ ಪ್ರವೇಶಿಸಬೇಕು. 2020ರಿಂದ ಇದು ಲಿನಕ್ಸಿನ ತಿರುಳಿನಲ್ಲಿಯೇ ಸೇರಿದೆ, ವಿಂಡೋಸಿಗೂ ಮೊಬೈಲಿಗೂ ಲಭ್ಯವಿದೆ. ಮನೆಯ ಮಕ್ಕಳು ಆಟವಾಡುವ ಯಂತ್ರದಿಂದ ಲೆಕ್ಕದ ಕಡತಕ್ಕೆ ದಾರಿ ಇರಬಾರದು. ಯಾರಿಗೆ ಓದುವ ಹಕ್ಕು, ಯಾರಿಗೆ ಬರೆಯುವ ಹಕ್ಕು ಎಂದು ಪ್ರತ್ಯೇಕಿಸುವುದು ಮೇಲಿನ ಎಲ್ಲ ವ್ಯವಸ್ಥೆಗಳಲ್ಲಿಯೂ ಸಾಧ್ಯ.

ಸರ್ವರೇ ಬ್ಯಾಕಪ್ ಅಲ್ಲ. ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ಏರ್ಪಾಡು ಡಿಸ್ಕು ಕೆಡುವುದರಿಂದ ಕಾಯುತ್ತದೆ. ಅಳಿಸಿಹೋದದ್ದನ್ನು ಅದು ಎರಡರಲ್ಲಿಯೂ ಅಳಿಸುತ್ತದೆ. ಹೊರಗಿನ ಎರಡು ಡಿಸ್ಕುಗಳನ್ನು ಇಟ್ಟುಕೊಂಡು ವಾರಕ್ಕೊಂದರಂತೆ ಬದಲಿಸಿ, ಒಂದನ್ನು ಯಂತ್ರದಿಂದ ಕಳಚಿ ಬೇರೆ ಊರಿನ ನೆಂಟರ ಮನೆಯಲ್ಲಿಯೋ ಬ್ಯಾಂಕಿನ ಲಾಕರಿನಲ್ಲಿಯೋ ಇಡಬೇಕು. ತಂತಿ ಕಳಚಿದ ಡಿಸ್ಕಿಗೆ ಯಾವ ವೈರಸ್ಸೂ ಮುಟ್ಟದು. ವರ್ಷಕ್ಕೊಮ್ಮೆ, ದೀಪಾವಳಿಯ ಅಂಗಡಿ ಪೂಜೆಗೆ ಮುನ್ನ, ಬ್ಯಾಕಪ್ಪಿನಿಂದ ಒಂದು ತಿಂಗಳ ಲೆಕ್ಕವನ್ನು ನಿಜವಾಗಿ ಮರಳಿ ತೆರೆದು ನೋಡುವ ಪದ್ಧತಿ ಇಟ್ಟುಕೊಂಡರೆ ಉತ್ತಮ. ತೆರೆದು ನೋಡದ ಬ್ಯಾಕಪ್ ಎಣಿಸದೆ ತೆಗೆದುಕೊಂಡ ನೋಟಿನ ಕಟ್ಟು.

ಹೊರಬರುವ ದಾರಿ

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಘಟ್ಟದ ಮೇಲಾದರೂ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. 1880ರ ದಶಕದಲ್ಲಿ ರೈಲುಮಾರ್ಗ ಹುಬ್ಬಳ್ಳಿಯ ಕಡೆಯ ಸರಕನ್ನು ಮುರ್ಮಗೋವಾ ಬಂದರಿನತ್ತ ಒಯ್ಯತೊಡಗಿದಾಗ ಕುಮಟೆಯ ಹತ್ತಿ ವ್ಯಾಪಾರ ಸೊರಗಿತು. ಹತ್ತಿಗೇನೂ ಕೇಡಾಗಲಿಲ್ಲ, ಅದಕ್ಕೆ ಬೇರೆ ದಾರಿ ಸಿಕ್ಕಿತ್ತು. ಒಂದೇ ದಾರಿಯನ್ನು ನೆಚ್ಚಿದವರಿಗೆ ನಷ್ಟವಾಯಿತು. ಕಡತವೆಂಬ ಸರಕಿಗೂ ಈ ಮಾತು ಒಪ್ಪುತ್ತದೆ. ದಾರಿ ಮುಚ್ಚಿದರೂ ಸರಕು ಹೊರಗೆ ಬರುವಂತಿರಬೇಕು.

ಇದನ್ನು ಪರೀಕ್ಷಿಸುವ ಬಗೆ ಸರಳ. ಸರ್ವರಿನ ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಅರ್ಧ ದಿನದೊಳಗೆ ಕಡತಗಳನ್ನು ಓದಬಹುದೇ? ಡೆಬಿಯನ್ನಿನ ಡಿಸ್ಕನ್ನು ಯಾವ ಲಿನಕ್ಸ್ ಪೆನ್‌ಡ್ರೈವಿನಿಂದಲಾದರೂ ಓದಬಹುದು. ಎನ್‌ಟಿಎಫ್‌ಎಸ್ ಡಿಸ್ಕನ್ನು ವಿಂಡೋಸೂ ಲಿನಕ್ಸೂ ಓದುತ್ತವೆ. ಝಡ್‌ಎಫ್‌ಎಸ್ ಡಿಸ್ಕನ್ನು ಅದನ್ನು ಬಲ್ಲ ಇನ್ನೊಂದು ಯಂತ್ರ ಮಾತ್ರ ಓದಬಲ್ಲುದು. ಕನ್ನಡದಲ್ಲಿ ಪತ್ರ ಬರೆಯುವವರಿಗೆ ಮತ್ತೊಂದು ಮಾತು: ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಪತ್ರಗಳು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಈಗಲೇ ಯುನಿಕೋಡಿಗೆ ಪರಿವರ್ತಿಸಿಟ್ಟರೆ ಮುಂದಿನ ವ್ಯವಸ್ಥೆಗೆ ದಾಟುವಾಗ ತೊಡಕಿರದು.

ಕೊನೆಯ ಪ್ರಶ್ನೆ: ಕರೆದರೆ ಬರುವವರು ಯಾರು?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ಹೆದ್ದಾರಿ 66ರ ಸಂಚಾರವೂ ಕಡಿದುಹೋಯಿತು. ಮಳೆಗಾಲದಲ್ಲಿ ಹೊರಗಿನ ಊರಿನ ತಂತ್ರಜ್ಞರು ಬಂದೇ ಬರುವರೆಂದು ಹೇಳಲಾಗದು. ಆದುದರಿಂದ ಸ್ಥಳೀಯವಾಗಿ ಯಾರಿಗೆ ಯಾವುದು ತಿಳಿದಿದೆ ಎಂಬುದು ಆಯ್ಕೆಯ ಒಂದು ಭಾಗವೇ. ಅತ್ಯುತ್ತಮವಾದ, ಆದರೆ ಊರಿನಲ್ಲಿ ಯಾರಿಗೂ ತಿಳಿಯದ ವ್ಯವಸ್ಥೆಗಿಂತ ಸಾಧಾರಣವಾದ, ಮನೆಯವರಿಗೆ ತಿಳಿದ ವ್ಯವಸ್ಥೆ ಮೇಲು.

ಹಾಗೆಂದು ಲಿನಕ್ಸ್ ನಮ್ಮವರ ಕೈಗೆ ನಿಲುಕದ್ದು ಎಂದೇನೂ ಅಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿಯೇ ಗಣಕ ಕಲಿಯುತ್ತಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅವರಲ್ಲಿ ಸೇರಿದ್ದಾರೆ. ಮನೆಯಲ್ಲಿ ಗಣಕ ವಿಜ್ಞಾನ ಓದುವ ಮಗನೋ ಸೊಸೆಯೋ ಇದ್ದರೆ ಒಂದು ವಾರದಲ್ಲಿ ಕಲಿತಾರು. ಆದರೆ ಕಲಿತವರು ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ? ಅದಕ್ಕಾಗಿ ಒಂದು ಪುಸ್ತಕ ಇರಬೇಕು. ಯಾವ ವ್ಯವಸ್ಥೆ, ಯಾವ ಆವೃತ್ತಿ, ಅದರ ಬೆಂಬಲ ಮುಗಿಯುವ ದಿನ, ಡಿಸ್ಕುಗಳು ಎಲ್ಲಿವೆ, ಬ್ಯಾಕಪ್ ಹೇಗೆ, ಮರಳಿ ತೆರೆಯುವುದು ಹೇಗೆ ಎಂದು ಕನ್ನಡದಲ್ಲಿ, ಕಾಗದದ ಮೇಲೆ ಬರೆದಿಡಬೇಕು. ಗುಪ್ತಪದಗಳನ್ನು ಬೇರೆ ಲಕೋಟೆಯಲ್ಲಿ ತಿಜೋರಿಯಲ್ಲಿ ಇಡಬೇಕು.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟು. ಒಂದೇ ಯಂತ್ರ, ಒಬ್ಬರೇ ಲೆಕ್ಕ ಬರೆಯುವವರು ಇದ್ದಲ್ಲಿ ಸರ್ವರೇ ಬೇಡ. ಪರವಾನಗಿಯುಳ್ಳ ವಿಂಡೋಸ್ 11 ಮತ್ತು ಎರಡು ಹೊರಗಿನ ಡಿಸ್ಕು ಸಾಕು. ಇಬ್ಬರು ಮೂವರು ಲೆಕ್ಕ ನೋಡುವ ಅಂಗಡಿ, ಗಿರಣಿ, ಗೇರುಬೀಜದ ಸಣ್ಣ ಕಾರ್ಖಾನೆಗೆ ಟ್ಯಾಲಿ ವಿಂಡೋಸಿನಲ್ಲಿಯೂ, ಕಡತ ಮತ್ತು ಬ್ಯಾಕಪ್ ಒಂದು ಸಣ್ಣ ಲಿನಕ್ಸ್ ಸರ್ವರಿನಲ್ಲಿಯೂ ಇರಲಿ. ಕಲಿತವರು ಮನೆಯಲ್ಲಿದ್ದರೆ ಡೆಬಿಯನ್ ಅಥವಾ ಉಬುಂಟು, ಇಲ್ಲದಿದ್ದರೆ ಓಪನ್‌ಮೀಡಿಯಾವಾಲ್ಟ್. ಹತ್ತಕ್ಕೂ ಹೆಚ್ಚು ಬಳಕೆದಾರರಿದ್ದು ನಿರ್ವಹಣೆಯ ಒಪ್ಪಂದಕ್ಕೆ ಹಣ ಕೊಡಬಲ್ಲವರಿಗೆ ವಿಂಡೋಸ್ ಸರ್ವರ್ ತಕ್ಕುದು. ಯಾವುದನ್ನು ಆರಿಸಿದರೂ ಅದರ ಬೆಂಬಲ ಮುಗಿಯುವ ದಿನಾಂಕವನ್ನು ಇಂದೇ ಗೋಡೆಯ ಪಂಚಾಂಗದ ಪಕ್ಕದಲ್ಲಿ ಬರೆದಿಡಿ, ಅದಕ್ಕೆ ಆರು ತಿಂಗಳು ಮೊದಲೇ, ಮಳೆಗಾಲವನ್ನು ಬಿಟ್ಟು, ಬದಲಾವಣೆಯ ಕೆಲಸ ಆರಂಭಿಸಿ.